17 ಅನ್ನೋ ಫೋಲ್ಡರು

ಸಿದ್ಧಗಂಗೆ ಜಾತ್ರೆ ಮುಗಿದ ವಾರ ನಮ್ಮ ಗಿಟ್ ಸರ್ವರ್ ಮೊದಲ ಸಲ ನಿಂತಿತು. ಗಿಟ್ ಅಂದರೆ ಕೋಡಿನ ಪ್ರತಿ ಬದಲಾವಣೆಯ ಇತಿಹಾಸ ಇಡುವ ಸಾಧನ. ಬರೆದದ್ದನ್ನು ಸರ್ವರಿಗೆ ಕಳಿಸುವುದು ಪುಶ್, ಅಲ್ಲಿಂದ ತರಿಸಿಕೊಳ್ಳುವುದು ಪುಲ್. ಊಟ ಮುಗಿಸಿ ಬಂದು ಕೂತಿದ್ದೆವು. ಒಬ್ಬ ಹುಡುಗ "ಪುಶ್ ಆಗ್ತಿಲ್ಲ ಸಾರ್" ಅಂದ. ಪಕ್ಕದ ಹುಡುಗಿ "ನನಗೂ ಪುಲ್ ಬರ್ತಿಲ್ಲ" ಅಂದಳು. ಹೋಗಿ ನೋಡಿದರೆ ಮೂಲೆಯ ಮಷೀನು ಆನ್ ಇದೆ. ಫ್ಯಾನ್ ತಿರುಗುತ್ತಿದೆ. ಪಿಂಗ್ ಮಾಡಿದರೆ ಉತ್ತರ ಕೊಡುತ್ತಿದೆ. ಅದರೊಳಗಿನ ಗಿಟ್ ಸರ್ವರ್ ಪ್ರೋಗ್ರಾಮ್ ಮಾತ್ರ ಓಡುತ್ತಿಲ್ಲ. ಮಷೀನನ್ನೇ ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು. ಯಾವತ್ತೋ ಒಂದು ಸಲ ಹೀಗಾಗುತ್ತೆ ಅಂದುಕೊಂಡು ಮರೆತುಬಿಟ್ಟೆ.

ನಾಲ್ಕು ದಿನ ಬಿಟ್ಟು ಮತ್ತೆ ನಿಂತಿತು. ಆಮೇಲೆ ಎರಡೇ ದಿನಕ್ಕೆ. ಆಮೇಲೆ ಒಂಬತ್ತು ದಿನ ಏನೂ ಇಲ್ಲ. ಸದ್ಯ, ಹೋಯ್ತಲ್ಲ ಅಂದುಕೊಳ್ಳುವಾಗ ಒಂದು ಬೆಳಿಗ್ಗೆ ಮತ್ತೆ. ಪೂರ್ತಿ ಕೆಟ್ಟಿದ್ದರೆ ಎಷ್ಟೋ ವಾಸಿ. ಕೆಟ್ಟಿರುವುದು ಎದುರಿಗೇ ಇರುತ್ತೆ, ಬಿಚ್ಚಿ ನೋಡಬಹುದು. ಇದು ಹಾಗಲ್ಲ. ನೋಡಲು ಹೋದರೆ ಆರಾಮಾಗಿರುತ್ತೆ, ನಾವು ಬೆನ್ನು ತಿರುಗಿಸಿದಾಗ ಬೀಳುತ್ತೆ.

ನಮ್ಮದು ಏಳು ಜನರ ಆಫೀಸು. ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ಪೈಪು ನಲ್ಲಿ ಮಾರುವ ಅಂಗಡಿಯ ಮಹಡಿಯಲ್ಲಿದೆ. ಕೊಬ್ಬರಿ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇವೆ. ತಿಪಟೂರು, ತುರುವೇಕೆರೆ, ಅರಸೀಕೆರೆ ಕಡೆ ರೈತರು ಉಂಡೆ ಕೊಬ್ಬರಿ ತಂದು ಹಾಕಿದ ಮೇಲೆ ಚೀಲದ ತೂಕ ಕಳೆದು, ದರ ಹಾಕಿ, ಹಮಾಲಿ ಹಿಡಿದು ಪಟ್ಟಿ ಬರೆದುಕೊಡುತ್ತಾರಲ್ಲ, ಅಂಥ ಪಟ್ಟಿ ನಮ್ಮ ಪ್ರೋಗ್ರಾಮಿನಿಂದ ಪ್ರಿಂಟ್ ಆಗುತ್ತೆ. 9 ವರ್ಷದ ಕೋಡ್. ಅದರಲ್ಲಿ ಯಾವ ಸಾಲನ್ನು ಯಾರು, ಯಾವತ್ತು, ಯಾಕೆ ಬದಲಾಯಿಸಿದರು ಅನ್ನುವುದೆಲ್ಲ ಆ ಸರ್ವರಿನಲ್ಲಿದೆ. ಕೆಲಸ ಬಿಟ್ಟು ಹೋದವರ ಮಾತು ಕೂಡ. "ಚೀಲದ ತೂಕ ಎರಡು ಸಲ ಕಳೀತಿತ್ತು, ಸರಿ ಮಾಡಿದೆ" ಅಂತ ಒಬ್ಬರು ಆರು ವರ್ಷದ ಹಿಂದೆ ಬರೆದಿಟ್ಟ ಒಂದು ಸಾಲು ಮೊನ್ನೆ ಮೊನ್ನೆ ನಮ್ಮ ಅರ್ಧ ದಿನ ಉಳಿಸಿತು. ಆ ಸರ್ವರ್ ಬಿದ್ದಾಗಲೆಲ್ಲ ನನ್ನ ಎದೆ ಧಸಕ್ ಅನ್ನುತ್ತಿತ್ತು. ಬ್ಯಾಕಪ್ ಇದೆ ಅಂತ ಗೊತ್ತಿದ್ದೂ.

ಮೊದಲ ಅನುಮಾನ ಕರೆಂಟಿನ ಮೇಲೆ. ಬೇಸಿಗೆ ಶುರುವಾಗಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಯುಪಿಎಸ್ ಬ್ಯಾಟರಿ ಹಳೆಯದು. ಎಲ್ಲರೂ ಒಪ್ಪಿದರು, ಹೊಸ ಬ್ಯಾಟರಿ ಹಾಕಿಸಿದೆವು. ಸರ್ವರ್ ಮೂರನೇ ದಿನ ಮತ್ತೆ ಮಲಗಿತು.

ನಮ್ಮಲ್ಲಿ ಲೆಕ್ಕ ನೋಡಿಕೊಳ್ಳುವ ಒಬ್ಬರು ಅಕ್ಕ ಇದ್ದಾರೆ. ಜನರೇಟರ್ ಕೆಳಗಿನ ಅಂಗಡಿಗೂ ನಮಗೂ ಸೇರಿದ್ದು, ಡೀಸೆಲ್ ಖರ್ಚು ಹಂಚಿಕೊಳ್ಳಬೇಕು. ಅದಕ್ಕೆ ಅವರು 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಕರೆಂಟು ಹೋದ ಸಮಯ, ಬಂದ ಸಮಯ ಬರೆದಿಡುತ್ತಾರೆ. ಸ್ಕೇಲಿನಲ್ಲಿ ಎಳೆದ ಗೆರೆ, ನೀಲಿ ಪೆನ್ನು, ಒಂದು ದಿನವೂ ಬಿಟ್ಟಿಲ್ಲ. ನಾನು ಕರೆಂಟನ್ನು ಬೈಯುವುದು ಕೇಳಿ ಕೇಳಿ ಅವರೇ ಪುಸ್ತಕ ತಂದು ಮುಂದಿಟ್ಟರು.

"ನಿನ್ನ ಸರ್ವರ್ ಯಾವ್ ಯಾವತ್ತು ನಿಂತಿತು ಹೇಳಪ್ಪಾ, ನೋಡೋಣ."

ನನಗೆ ನೆನಪಿದ್ದದ್ದು ಐದು. ವಾಟ್ಸಾಪ್ ಗ್ರೂಪಿನಲ್ಲಿ "ಡೌನ್" ಅಂತ ಹುಡುಕಿದಾಗ ಇನ್ನೂ ಮೂರು ಸಿಕ್ಕಿದವು. ಎಂಟರಲ್ಲಿ ಆರು ಸಲ ಕರೆಂಟು ಇತ್ತು. ನಾವು ಒಂದು ತಿಂಗಳು ಒಪ್ಪಿಕೊಂಡಿದ್ದ ಕಾರಣ ಹತ್ತು ನಿಮಿಷದಲ್ಲಿ ಬಿದ್ದುಹೋಯಿತು. ಅವತ್ತಿನಿಂದ ಅಕ್ಕ ಇನ್ನೊಂದು ಗೆರೆ ಎಳೆದು "ಸರ್ವರ್" ಅಂತ ಮೂರನೇ ಕಾಲಂ ಮಾಡಿದರು.

ಆಮೇಲೆ ರ್ಯಾಮ್. ಕೆಟ್ಟ ರ್ಯಾಮ್ ಇದ್ದರೆ ಹೀಗೇ ಯಾವಾಗಂದರೆ ಆವಾಗ ಬೀಳುತ್ತೆ. ಒಂದು ಶನಿವಾರ ರಾತ್ರಿ ಮೆಮ್‌ಟೆಸ್ಟ್ ಹಾಕಿಟ್ಟು ಹೋದೆ, ಭಾನುವಾರ ಬಂದು ನೋಡಿದರೆ ಒಂದೂ ತಪ್ಪಿಲ್ಲ. ಡಿಸ್ಕ್ ಪರೀಕ್ಷೆ ಮಾಡಿದೆ, ಅದೂ ಸರಿ. ಇಟ್ಟದ್ದೆಲ್ಲ ಸರಿಯಾಗಿದೆಯಾ ಅಂತ ನೋಡುವ, ಗಿಟ್‌ನ ಎಫ್‌ಎಸ್‌ಸಿಕೆ ಓಡಿಸಿದೆ. ಪರದೆ ತುಂಬ "ಡ್ಯಾಂಗ್ಲಿಂಗ್ ಕಮಿಟ್" ಅಂತ ಬಂತು, ಒಂದು ಕ್ಷಣ ಕೈಕಾಲು ತಣ್ಣಗಾಯಿತು. ಹೊಸಬರಿಗೆ ಹೇಳಿಬಿಡುತ್ತೇನೆ: ಕಮಿಟ್ ಅಂದರೆ ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ. ಡ್ಯಾಂಗ್ಲಿಂಗ್ ಅಂದರೆ ಕೆಟ್ಟಿದೆ ಅಂತಲ್ಲ. ಯಾವ ಬ್ರಾಂಚಿನಿಂದಲೂ (ಕೋಡಿನ ಕವಲು) ದಾರಿ ಇಲ್ಲದೆ ಉಳಿದುಹೋದ ಹಳೆಯ ವಸ್ತು ಅಷ್ಟೇ. "ಮಿಸ್ಸಿಂಗ್" ಅಥವಾ "ಕರಪ್ಟ್" ಅಂತ ಬಂದರೆ ಗಾಬರಿಯಾಗಿ.

ನಮ್ಮಲ್ಲಿ ಹಿರಿಯರೊಬ್ಬರು ಸಬ್‌ವರ್ಷನ್ ಅನ್ನುವ, ಗಿಟ್‌ಗಿಂತ ಹಳೆಯ, ಇದೇ ಕೆಲಸ ಮಾಡುವ ಸಾಧನದ ಕಾಲದಿಂದ ಬಂದವರು. 2004ರಲ್ಲಿ ಸಬ್‌ವರ್ಷನ್ 1.0 ಬಂದಾಗ ಅದು ಎಲ್ಲವನ್ನೂ ಬರ್ಕ್ಲಿ ಡಿಬಿ ಅನ್ನುವ ಡೇಟಾಬೇಸಿನಲ್ಲಿ ಇಡುತ್ತಿತ್ತು. ಯಾವುದಾದರೂ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ನಡುವೆ ಸತ್ತರೆ ಅದು ಹಾಕಿದ ಬೀಗ ಹಾಗೇ ಉಳಿದು ರೆಪಾಸಿಟರಿ, ಅಂದರೆ ಕೋಡಿನ ಕಣಜ, ಪೂರ್ತಿ ಜಾಮ್ ಆಗುತ್ತಿತ್ತು, ಕೂತು ರಿಕವರ್ ಮಾಡಬೇಕಿತ್ತು. 2005ರಲ್ಲಿ ಬಂದ 1.2ರಿಂದ ಎಫ್‌ಎಸ್‌ಎಫ್‌ಎಸ್ ಅನ್ನುವ ಬೇರೆ ವ್ಯವಸ್ಥೆ ಡಿಫಾಲ್ಟ್ ಆದ ಮೇಲೆ ಆ ಕಾಟ ತಪ್ಪಿತು. ಅವರಿಗೆ ಇದೂ ಬೀಗದ ಕಥೆಯೇ ಅನ್ನಿಸಿತು. ಹುಡುಕಿದೆವು, ಯಾವ ಬೀಗವೂ ಸಿಗಲಿಲ್ಲ. ಆದರೆ ಅವರು ಹೇಳಿದ "ಯಾವುದೋ ಪ್ರೊಸೆಸ್ ನಡುವೆ ಸಾಯ್ತಿದೆ" ಅನ್ನುವ ಮಾತು ಅರ್ಧ ಸರಿಯಿತ್ತು ಅಂತ ಕೊನೆಗೆ ಗೊತ್ತಾಯಿತು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಸರ್ವರಿನದೇ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ. ಪ್ರೋಗ್ರಾಮ್ ಕ್ರ್ಯಾಶ್ ಆದರೆ ಕೊನೆಯಲ್ಲಿ ಏನಾದರೂ ಎರರ್ ಇರಬೇಕು, ಅಲ್ವಾ? ಇಲ್ಲಿ ಹಾಗಿಲ್ಲ. ಪ್ರತಿ ಸಲವೂ ಕೊನೆಯ ಸಾಲುಗಳು ಅಚ್ಚುಕಟ್ಟಾಗಿದ್ದವು. ನಿಲ್ಲಿಸಲು ಸೂಚನೆ ಬಂತು, ಇರುವ ಕೆಲಸ ಮುಗಿಸುತ್ತಿದ್ದೇನೆ, ನಿಂತೆ. ಯಾರೋ ಬಂದು ಸ್ವಿಚ್ ಆರಿಸಿ ಹೋದ ಹಾಗೆ.

ಇದನ್ನು ಬರೆಯಲು ಸಂಕೋಚವಾಗುತ್ತೆ, ಆದರೂ ಬರೆಯುತ್ತೇನೆ. ಸುಮಾರು ಒಂದು ವಾರ ನಾನು ನಮ್ಮವರನ್ನೇ ಅನುಮಾನಿಸಿದೆ. ಸರ್ವರ್ ಪಾಸ್‌ವರ್ಡ್ ಮೂವರಿಗೆ ಗೊತ್ತು. ಅವರಲ್ಲಿ ಯಾರಾದರೂ ಮೂಲೆಯ ಕಡೆ ಹೋದರೆ ನನ್ನ ಕಣ್ಣು ಹಿಂದೆಯೇ ಹೋಗುತ್ತಿತ್ತು. ಯಾರು ಯಾವಾಗ ಲಾಗಿನ್ ಆದರು ಅಂತ ಅವರಿಗೆ ಹೇಳದೆ ತೆಗೆದು ನೋಡಿದೆ. ಸರ್ವರ್ ನಿಂತ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಆರೇಳು ವರ್ಷದಿಂದ ಪಕ್ಕದಲ್ಲಿ ಕೂತು ಊಟ ಮಾಡಿದವರು. ಗೊತ್ತಿಲ್ಲದ ಕಾರಣ ಮನುಷ್ಯನನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತೆ ಅಂತ ನೆನೆದರೆ ಈಗಲೂ ಬೇಜಾರಾಗುತ್ತೆ. ಆಮೇಲೆ ಮೂವರನ್ನೂ ಕರೆದು ಹೇಳಿಕೊಂಡೆ. ಅವರು ದೊಡ್ಡ ಮನಸ್ಸಿನವರು.

ದಾರಿ ತೋರಿಸಿದ್ದು ಅಕ್ಕನ ಒಂದು ಪ್ರಶ್ನೆ. ಮೂರನೇ ಕಾಲಂನಲ್ಲಿ ಇನ್ನೊಂದು ಸಮಯ ಬರೆಯುತ್ತಾ ಕೇಳಿದರು:

"ಅಲ್ಲಪ್ಪಾ, ನಿಂತಾಗ ಬರೀತೀವಿ. ಅದಕ್ಕೆ ಮುಂಚೆ ಯಾರು ಬಂದು ಏನು ಕೊಟ್ಟು ಹೋದ್ರು ಅಂತ ಬರೀಬೇಕಲ್ವಾ? ಮಂಡಿಯಲ್ಲಿ ಲೆಕ್ಕ ತಪ್ಪಿದ್ರೆ ಹಿಂದಿನ ಚೀಲ ಯಾರ್ದು ಅಂತ ತಾನೇ ನೋಡೋದು."

ನಾನು ಸುಮ್ನೆ ಕೂತುಬಿಟ್ಟೆ. ಒಂದೂವರೆ ತಿಂಗಳು ನಿಂತ ಸರ್ವರನ್ನೇ ವಿಚಾರಿಸುತ್ತಿದ್ದೆ. ಅದಕ್ಕೆ ಗೊತ್ತಿದ್ದದ್ದು "ನಿಲ್ಲು ಅಂದರು, ನಿಂತೆ" ಅನ್ನುವುದಷ್ಟೇ. ನಿಲ್ಲು ಅಂದವರು ಯಾರು ಅಂತ ಮಷೀನಿನ ಲಾಗ್ ಹೇಳಬೇಕು. ಆ ಲಾಗನ್ನು ನೋಡಲು ಹೋದರೆ ಖಾಲಿ. ಹಿಂದೆ ಡಿಸ್ಕಿನಲ್ಲಿ ಜಾಗ ಉಳಿಸೋಣ ಅಂತ ಸಿಸ್ಟಮ್-ಡಿ (ಲಿನಕ್ಸಿನಲ್ಲಿ ಸರ್ವಿಸುಗಳನ್ನು ಶುರು ಮಾಡಿ ನಿಲ್ಲಿಸುವ ಪ್ರೋಗ್ರಾಮ್) ಇಡುವ ಜರ್ನಲ್ ಅನ್ನುವ ಆ ಲಾಗ್ ಮೆಮೊರಿಯಲ್ಲೇ ಇರುವ ಹಾಗೆ ನಾನೇ ಸೆಟ್ ಮಾಡಿದ್ದೆ. ಮೆಮೊರಿಯಲ್ಲಿರುವುದು ರೀಬೂಟ್ ಆದರೆ ಹೋಗುತ್ತೆ. ಸರ್ವರ್ ನಿಂತಾಗಲೆಲ್ಲ ನಾವು ಮೊದಲು ಮಾಡುತ್ತಿದ್ದ ಕೆಲಸವೇ ರೀಬೂಟ್. ಸಾಕ್ಷಿಯನ್ನು ಪ್ರತಿ ಸಲವೂ ನಮ್ಮ ಕೈಯಾರೆ ಅಳಿಸುತ್ತಿದ್ದೆವು.

ಅವತ್ತೇ ಜರ್ನಲ್ಲನ್ನು ಡಿಸ್ಕಿಗೆ ಬರೆಯುವಂತೆ ಬದಲಾಯಿಸಿದೆ. ಪ್ರತಿ ನಿಮಿಷ ಎಷ್ಟು ಮೆಮೊರಿ ಖಾಲಿ ಇದೆ ಅಂತ ಒಂದು ಸಾಲು ಬರೆಯುವ ಚಿಕ್ಕ ಸ್ಕ್ರಿಪ್ಟ್ ಹಾಕಿದೆ. ಪ್ರತಿ ಪುಶ್ ಆದ ಮೇಲೆ ಯಾರು, ಯಾವ ರೆಪಾಸಿಟರಿ, ಎಷ್ಟು ಹೊತ್ತಿಗೆ ಅಂತ ಬರೆಯುವ ಒಂದು ಹುಕ್ (ಪುಶ್ ಆದಾಗ ತಾನಾಗಿ ಓಡುವ ಸ್ಕ್ರಿಪ್ಟ್) ಹಾಕಿದೆ. ಸರ್ವರ್ ನಿಂತರೆ ನಾನು ಬರುವ ತನಕ ಯಾರೂ ಮುಟ್ಟಬಾರದು ಅಂತ ಒಂದು ಚೀಟಿ ಬರೆದು ಮಷೀನಿಗೆ ಅಂಟಿಸಿದೆ. ಆಮೇಲೆ ಕಾಯುವುದು. ನಿಲ್ಲಲಿ ಅಂತ ಕಾದದ್ದು ಅದೇ ಮೊದಲು.

ಐದನೇ ದಿನ ಸಂಜೆ 4:38ಕ್ಕೆ ನಿಂತಿತು. ಜರ್ನಲ್ ತೆಗೆದೆ. ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬರೆದ ಸಾಲು ಅಲ್ಲಿತ್ತು: ಮೆಮೊರಿ ಮುಗಿಯಿತು, ಪ್ರೊಸೆಸ್ ಕೊಂದೆ. ಕೊಂದದ್ದು ನಮ್ಮ ಸರ್ವರನ್ನಲ್ಲ. ಗಿಟ್‌ನ ಪ್ಯಾಕ್-ಆಬ್ಜೆಕ್ಟ್ಸ್ ಅನ್ನುವ ಒಂದು ಕೆಲಸವನ್ನು. ಅದರ ಕೆಳಗೇ ಸಿಸ್ಟಮ್-ಡಿಯ ಸಾಲು: ಈ ಸರ್ವಿಸಿಗೆ ಸೇರಿದ ಒಂದು ಪ್ರೊಸೆಸ್ಸನ್ನು ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಕೊಲ್ಲುವ ಕರ್ನಲ್ಲಿನ ಭಾಗ) ಕೊಂದಿದೆ. ಕೆಳಗೆ, ಸರ್ವಿಸ್ ನಿಲ್ಲಿಸಲಾಗಿದೆ. ಮೆಮೊರಿಯ ಸಾಲುಗಳಲ್ಲಿ 4:33ಕ್ಕೆ 2 ಜಿಬಿಗಿಂತ ಜಾಸ್ತಿ ಖಾಲಿ ಇತ್ತು, 4:37ಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಪುಶ್ ಲಾಗಿನಲ್ಲಿ 4:32ಕ್ಕೆ ಒಂದು ಪುಶ್. ಅದು ಯಾವ ತೊಂದರೆಯೂ ಇಲ್ಲದೆ ಮುಗಿದಿತ್ತು. ಪುಶ್ ಮಾಡಿದವನು ಕೆಳಗೆ ಟೀ ಕುಡಿಯಲು ಹೋಗಿದ್ದ.

ಇಷ್ಟು ದಿನ ಕಾಣದೇ ಇದ್ದದ್ದು ಒಂದೊಂದಾಗಿ ಬಿಚ್ಚಿಕೊಂಡಿತು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ತೊಂದರೆಯಲ್ಲಿ ಇನ್ಯಾರೋ ಒದ್ದಾಡುತ್ತಿರಬಹುದು.

ಗಿಟ್ ಪ್ರತಿಯೊಂದು ಫೈಲಿನ ಪ್ರತಿಯೊಂದು ಆವೃತ್ತಿಗೂ 40 ಅಕ್ಷರದ ಒಂದು ಹೆಸರು ಕೊಡುತ್ತೆ. ಆ ಹೆಸರಿನ ಮೊದಲ ಎರಡು ಅಕ್ಷರವೇ ಫೋಲ್ಡರಿನ ಹೆಸರು. ಒಂದೊಂದು ಅಕ್ಷರಕ್ಕೂ 16 ಆಯ್ಕೆ (0ಯಿಂದ 9, aಯಿಂದ f), ಹಾಗಾಗಿ 256 ಫೋಲ್ಡರುಗಳು. ಚಿಕ್ಕ ಪುಶ್ ಬಂದರೆ, ಅಂದರೆ 100ಕ್ಕಿಂತ ಕಡಿಮೆ ವಸ್ತುಗಳಿದ್ದರೆ, ಅವನ್ನು ಬಿಡಿಬಿಡಿಯಾಗಿ ಈ ಫೋಲ್ಡರುಗಳಲ್ಲಿ ಹಾಕುತ್ತೆ. ಬಿಡಿ ವಸ್ತುಗಳು ಸುಮಾರು 6700 ದಾಟಿದರೆ ಎಲ್ಲವನ್ನೂ ಗುಡಿಸಿ ಒಂದು ಪ್ಯಾಕ್ ಕಟ್ಟುತ್ತೆ. ಇದಕ್ಕೆ ಜಿಸಿ ಅಂತಾರೆ. ಪುಶ್ ಆದ ಮೇಲೆ ಸರ್ವರಿನಲ್ಲಿ ತಾನಾಗಿಯೇ, ಹಿಂದುಗಡೆ ನಡೆಯುತ್ತೆ. ಪುಶ್ ಮಾಡಿದವರಿಗೆ ಗೊತ್ತೇ ಆಗಲ್ಲ.

6700 ಆಯಿತೋ ಇಲ್ಲವೋ ಅಂತ ಹೇಗೆ ಗೊತ್ತು? ಪ್ರತಿ ಪುಶ್‌ಗೂ 256 ಫೋಲ್ಡರು ಎಣಿಸುತ್ತಾ ಕೂತರೆ ನಿಧಾನ. ಅದಕ್ಕೆ ಗಿಟ್ ಒಂದೇ ಫೋಲ್ಡರು ನೋಡುತ್ತೆ. ಅದರ ಹೆಸರು 17. ಅದರಲ್ಲಿ 27ಕ್ಕಿಂತ ಜಾಸ್ತಿ ಫೈಲುಗಳಿದ್ದರೆ ಎಲ್ಲ ಕಡೆಯೂ ಅಷ್ಟೇ ಇರಬೇಕು ಅಂತ ಅಂದಾಜು ಹಾಕುತ್ತೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಯಾವ ಫೈಲು ಯಾವ ಫೋಲ್ಡರಿಗೆ ಬೀಳುತ್ತೆ ಅನ್ನುವುದು ಆ 40 ಅಕ್ಷರ ಹುಟ್ಟಿಸುವ ಹ್ಯಾಶ್ ಲೆಕ್ಕ, ನಮ್ಮ ಕೈಯಲ್ಲಿಲ್ಲ. ನಾನು ಆ ಫೋಲ್ಡರನ್ನು ತೆರೆದು ಎಣಿಸಿದೆ. 28 ಇದ್ದವು. ಬೆರಳಿಟ್ಟು ಎರಡನೇ ಸಲ ಎಣಿಸಿದೆ. 28. ಯಾವಾಗ ನಿಲ್ಲುತ್ತೆ ಅಂತ ನಮಗೆ ಯಾಕೆ ತಿಳಿಯಲಿಲ್ಲ ಅನ್ನುವುದು ಆ ಒಂದು ಫೋಲ್ಡರಿನಲ್ಲಿತ್ತು.

ಆದರೆ ಜಿಸಿ ಇಷ್ಟು ವರ್ಷವೂ ನಡೆದಿದೆ, ಯಾವತ್ತೂ ಏನೂ ಆಗಿಲ್ಲ. ಈಗ ಯಾಕೆ ಮೆಮೊರಿ ಸಾಲಲಿಲ್ಲ? ರೆಪಾಸಿಟರಿಯಲ್ಲಿ ದೊಡ್ಡ ಫೈಲುಗಳನ್ನು ಹುಡುಕಿದೆ. ಡೇಟಾಬೇಸ್ ಡಂಪುಗಳು (ಡೇಟಾಬೇಸಿನಲ್ಲಿರುವುದನ್ನೆಲ್ಲ ಒಂದೇ ಫೈಲಿಗೆ ಇಳಿಸಿದ ನಕಲು), ಒಂದೊಂದು ಸುಮಾರು 240 ಎಂಬಿ, 14 ಇದ್ದವು. ಜನವರಿಯಿಂದ ವಾರಕ್ಕೊಂದರಂತೆ ಶುರುವಾಗಿ, ಆಮೇಲೆ ಹರಾಜಿನ ದಿನಕ್ಕೂ ಒಂದೊಂದು ಸೇರಿವೆ. ಪ್ಯಾಕ್ ಕಟ್ಟುವಾಗ ಗಿಟ್ ಒಂದೇ ತರಹದ ಫೈಲುಗಳನ್ನು ಅಕ್ಕಪಕ್ಕ ಇಟ್ಟು, ಒಂದು ಸಲಕ್ಕೆ ಹತ್ತು ಫೈಲು ಹಿಡಿಯುವ ಒಂದು ಕಿಂಡಿಯಲ್ಲಿ ಹೋಲಿಸಿ, ವ್ಯತ್ಯಾಸ ಮಾತ್ರ ಬರೆದಿಡಲು ನೋಡುತ್ತೆ. ಹತ್ತು ಡಂಪು ಮೆಮೊರಿಗೆ ಬಂದರೆ 2400 ಎಂಬಿ. ಹೋಲಿಸಲು ಕಟ್ಟುವ ಇಂಡೆಕ್ಸ್ ಬೇರೆ. ನಮ್ಮ ಮಷೀನಿನಲ್ಲಿ ಇರುವುದೇ 4 ಜಿಬಿ, ಮೆಮೊರಿ ಸಾಲದಾಗ ಡಿಸ್ಕಿನ ಜಾಗ ಬಳಸುವ ಸ್ವಾಪ್ ಇಲ್ಲ. ಇನ್ನೊಂದು ವಿಚಿತ್ರ ನೋಡಿ: 512 ಎಂಬಿ ಮೀರಿದ ಫೈಲಿಗೆ ಗಿಟ್ ವ್ಯತ್ಯಾಸ ಹುಡುಕಲು ಹೋಗುವುದೇ ಇಲ್ಲ. ನಮ್ಮ ಡಂಪು ಇನ್ನೂ ದೊಡ್ಡದಿದ್ದರೆ ಸರ್ವರ್ ಬೀಳುತ್ತಿರಲಿಲ್ಲ. 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್ಲಿನ ಕೋಡ್ ಇಡಲು ಶುರುವಾದ ಸಾಧನ ಈ ಗಿಟ್. ಚಿಕ್ಕ ಚಿಕ್ಕ ಪಠ್ಯದ ಫೈಲುಗಳಿಗೆ ಹೇಳಿ ಮಾಡಿಸಿದ್ದು.

ಪ್ಯಾಕ್ ಕಟ್ಟುವ ಕೆಲಸ ಸತ್ತರೆ ಗಿಟ್ ಸರ್ವರ್ ಯಾಕೆ ನಿಲ್ಲಬೇಕು? ಅದು ಸಿಸ್ಟಮ್-ಡಿಯ ನಿಯಮ. ಒಂದು ಸರ್ವಿಸಿನ ಒಳಗಿರುವ ಯಾವುದೇ ಪ್ರೊಸೆಸ್ಸನ್ನು ಮೆಮೊರಿ ಇಲ್ಲ ಅಂತ ಕರ್ನಲ್ ಕೊಂದರೆ, ಡಿಫಾಲ್ಟಾಗಿ ಅದು ಇಡೀ ಸರ್ವಿಸನ್ನೇ ನಿಲ್ಲಿಸುತ್ತೆ. ಅದೂ ಮರ್ಯಾದೆಯಾಗಿ, ಸೂಚನೆ ಕೊಟ್ಟು. ಅದಕ್ಕೇ ಲಾಗ್ ಅಷ್ಟು ಅಚ್ಚುಕಟ್ಟು. ಕೆಲವು ಸಲ ಜಿಸಿ ಸೋತಾಗ ಜಿಸಿ-ಲಾಗ್ ಅನ್ನುವ ಒಂದು ಫೈಲು ಉಳಿಯುತ್ತೆ, ಅದು ಇರುವ ತನಕ ಗಿಟ್ ಒಂದು ದಿನ ಮತ್ತೆ ಗುಡಿಸಲು ಹೋಗಲ್ಲ. ರೀಸ್ಟಾರ್ಟ್ ಮಾಡಿದ ಕೂಡಲೇ ಯಾಕೆ ಬೀಳುತ್ತಿರಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಡಂಪು ಹಾಕುತ್ತಿದ್ದದ್ದು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗ. ಹರಾಜಿನ ದಿನದ ಲೆಕ್ಕದಲ್ಲಿ ಒಂದು ತಪ್ಪು ಹುಡುಕುತ್ತಿದ್ದ. ರೈತರ ಹೆಸರು, ಫೋನ್ ನಂಬರ್ ಎಲ್ಲ ಅಳಿಸಿದ ಪರೀಕ್ಷೆಯ ಡೇಟಾವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ವಿಷಯ ಕಿವಿಗೆ ಬಿದ್ದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತ. ಮುಖ ಬಾಡಿತ್ತು.

"ಎಲ್ಲಾ ನನ್ನಿಂದಾನಾ ಸಾರ್?"

"ಅಲ್ಲ ಕಣೋ. ಏನಿದ್ರೂ ಗಿಟ್‌ಗೆ ಹಾಕು, ಕಳೀಬೇಡ ಅಂತ ಹೇಳಿದ್ದು ನಾನು. ನೀನು ಹೇಳಿದ್ದನ್ನ ಮಾಡಿದೀಯ."

ಅವನನ್ನೇ ಕೂರಿಸಿಕೊಂಡು ಸರಿ ಮಾಡಿದೆ. ಪ್ಯಾಕ್ ಕಟ್ಟುವಾಗ ಒಂದೇ ಥ್ರೆಡ್, ಕಿಂಡಿಗೆ 100 ಎಂಬಿ ಮಿತಿ. ಡಂಪ್ ಫೈಲುಗಳಿಗೆ ವ್ಯತ್ಯಾಸ ಹುಡುಕಬೇಡ ಅಂತ ಒಂದು ಸಾಲು. ಪುಶ್ ಆದ ಮೇಲೆ ತಾನಾಗಿ ನಡೆಯುವ ಜಿಸಿ ಬಂದ್, ಅದರ ಬದಲು ರಾತ್ರಿ 2 ಗಂಟೆಗೆ ಅದನ್ನು ತಾನಾಗಿ ಓಡಿಸುವ ಕ್ರಾನ್. ಒಂದು ಪ್ರೊಸೆಸ್ ಸತ್ತರೂ ಸರ್ವಿಸ್ ಮುಂದುವರಿಯಲಿ ಅಂತ ಸಿಸ್ಟಮ್-ಡಿಗೆ ಇನ್ನೊಂದು ಸಾಲು. ಹೊಸ ಡಂಪುಗಳಿಗೆ ಬೇರೆ ಡಿಸ್ಕಿನಲ್ಲಿ ಜಾಗ. ಭಾನುವಾರ ಇಬ್ಬರೂ ಬಂದು ಕೈಯಲ್ಲೇ ಒಂದು ಸಲ ಜಿಸಿ ಓಡಿಸಿದೆವು. ಮುಗಿಯುವ ತನಕ ಇಬ್ಬರೂ ಪರದೆ ಬಿಟ್ಟು ಏಳಲಿಲ್ಲ. ಮುಗಿದ ಮೇಲೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದೆವು.

ಹಳೆಯ ಡಂಪುಗಳನ್ನು ಇತಿಹಾಸದಿಂದಲೇ ಕಿತ್ತು ಹಾಕಬಹುದಿತ್ತು. ಮಾಡಲಿಲ್ಲ. ಹಾಗೆ ಮಾಡಿದರೆ ಅಲ್ಲಿಂದ ಈಚೆಗಿನ ಎಲ್ಲ ಕಮಿಟ್‌ಗಳ ಹೆಸರು ಬದಲಾಗುತ್ತೆ. ಮಂಡಿಯವರಿಗೆ ಯಾವ ತಿದ್ದುಪಡಿ ಯಾವತ್ತು ಕೊಟ್ಟೆವು ಅಂತ ನಾವು ಕಮಿಟ್ ಹೆಸರಿನ ಮೊದಲ ಏಳು ಅಕ್ಷರಗಳನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇವೆ. ಆ ಪುಟಗಳು ಸುಳ್ಳಾಗುವುದು ನನಗೆ ಇಷ್ಟವಿಲ್ಲ. 3 ಜಿಬಿ ಜಾಗ ಹೋದರೆ ಹೋಗಲಿ.

ಸರ್ವರ್ ನಿಂತರೆ ತಾನೇ ಏಳುವ ಹಾಗೆ ಮಾಡಬಾರದಿತ್ತಾ ಅಂತ ಕೆಲವರು ಕೇಳಿದರು. ಈಗ ಮಾಡಿದ್ದೇನೆ, ಎದ್ದಾಗ ನನಗೊಂದು ಮೇಲ್ ಬರುವ ಹಾಗೆ. ಮೊದಲೇ ಮಾಡಿದ್ದರೆ ಆಗಾಗ ಒಂದು ಪುಲ್ ತಪ್ಪುತ್ತಿತ್ತು, "ನೆಟ್‌ವರ್ಕ್ ಸರಿಯಿಲ್ಲ" ಅಂತ ಬಿಡುತ್ತಿದ್ದೆವು. ಡಂಪುಗಳು 14ರಿಂದ 40 ಆಗುತ್ತಿದ್ದವು. ಕಾರಣ ಗೊತ್ತಾಗುವ ಮುಂಚೆ ಅದನ್ನು ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ಆಮೇಲೆ ಅದು ಒಂದೇ ಒಂದು ಸಲ ನಿಂತಿದೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ಸಂಜೆ. ಓಡಿ ಹೋಗಿ ಜರ್ನಲ್ ತೆಗೆಯುವಷ್ಟರಲ್ಲಿ ಅಕ್ಕ ಪುಸ್ತಕ ಹಿಡಿದುಕೊಂಡು ಬಂದರು. ಕರೆಂಟು ಹೋದದ್ದು 5:50. ಜನರೇಟರಿಗೆ ಡೀಸೆಲ್ ಇರಲಿಲ್ಲ. ಯುಪಿಎಸ್ ಕೈಬಿಟ್ಟದ್ದು 6:35. ಮೂರನೇ ಕಾಲಂನಲ್ಲೂ ಅವರು ಅದೇ ಬರೆದಿದ್ದರು, 6:35.

"ಈ ಸಲ ನಿಜವಾಗ್ಲೂ ಕರೆಂಟೇ ಕಣಪ್ಪಾ" ಅಂದರು.